ಕೆರೆಯ ಸುತ್ತ ಒಂದು ಸುತ್ತು



ಈ ಮುಂಬಯಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ನೀರೆಂದರೆ ನಲ್ಲಿ. ಏರಿ, ತೂಬು, ಕೋಡಿ ಎಂಬ ಮಾತುಗಳನ್ನು ಅವರು ಕೇಳಿಯೇ ಇಲ್ಲ. ಕಾಣದ ವಸ್ತುವಿನ ಹೆಸರು ನಾಲಗೆಯಲ್ಲಿ ನಿಲ್ಲುವುದಾದರೂ ಹೇಗೆ? ಆದುದರಿಂದ, ಬ್ಯಾಂಕಿನಲ್ಲಿ ರಜೆ ದೊರೆತು ಊರಿಗೆ ಹೋದಾಗಲೆಲ್ಲ ನಾವು ಮಕ್ಕಳನ್ನು ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಕರೆದೊಯ್ಯುತ್ತೇವೆ.

1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲೆಂದು ಕಟ್ಟಿಸಿದ ಕೆರೆಯಿದು. ಮಾನಸಗಂಗೋತ್ರಿಯ ಮಗ್ಗುಲಲ್ಲಿದೆ, ಕುವೆಂಪು ಅವರು ತಿರುಗಾಡುತ್ತಿದ್ದ ತಾಣ. ಇಂದು ಪಟ್ಟಣ ಸುತ್ತುವರಿದಿದ್ದರೂ ಒಳಗೆ ಹಳ್ಳಿಗಾಡಿನ ಶಾಂತಿಯುಂಟು. ದಾರಿ ಸಮತಟ್ಟು, ಮರಗಳ ನೆರಳು ಧಾರಾಳ. ಅಜ್ಜಿಯೂ ಮೊಮ್ಮಕ್ಕಳ ಕೈಹಿಡಿದು ನಡೆಯಬಹುದು. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಕುಳಿತಿರುತ್ತವೆ. ಹೊರಟಲ್ಲಿಗೇ ಬಂದು ಸೇರುವ ದಾರಿಯಾದುದರಿಂದ ತಪ್ಪುವ ಭಯವಿಲ್ಲ.

ನೀರನ್ನು ತಡೆದು ನಿಲ್ಲಿಸುವುದು ಏರಿ, ಬೇಕಾದಷ್ಟನ್ನು ಗದ್ದೆಗೆ ಬಿಡುವುದು ತೂಬು, ತುಂಬಿ ಹೆಚ್ಚಾದುದು ಹರಿದುಹೋಗುವ ಜಾಗ ಕೋಡಿ ಎಂದು ನಡೆಯುತ್ತಲೇ ಹೇಳಿಕೊಡುತ್ತೇವೆ. ಸುತ್ತು ಮುಗಿಯುವಷ್ಟರಲ್ಲಿ ಮೂರು ಕನ್ನಡದ ಮಾತು ಮಕ್ಕಳ ಬಾಯಿಗೆ ಬಂದಿರುತ್ತವೆ.

ವರ್ಷಕ್ಕೊಮ್ಮೆ ಬಾವುಟ ಏರಿಸಿದ ಮಾತ್ರಕ್ಕೆ ಭಾಷೆ ಉಳಿಯದು. ಮುಂದಿನ ರಜೆಯಲ್ಲಿ ತಾವೂ ತಮ್ಮೂರಿನ ಕೆರೆಯನ್ನು ಮಕ್ಕಳೊಡನೆ ಒಮ್ಮೆ ಸುತ್ತಿ ಬನ್ನಿರೆಂದು ಬೇಡುತ್ತೇವೆ.