ಕಾದಂಬರಿಯೊಳಗೆ ನಮ್ಮ ಕೇರಿ ಎಲ್ಲಿದೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ 'ಜನಪ್ರಿಯ ಕಾದಂಬರಿ ಮತ್ತು ಓದುಗ'. ನಾನು ವಿಮರ್ಶಕನಲ್ಲ. ಬಿ.ಎ. ಮುಗಿಸಿದ್ದೇನೆ, ಒಂದಷ್ಟು ಪದ್ಯ ಬರೆದಿದ್ದೇನೆ, ಅಷ್ಟೆ. ಹಾಗಾಗಿ ಶೈಲಿ, ತಂತ್ರ, ಪಾತ್ರಪೋಷಣೆ ಅಂತೆಲ್ಲ ಮಾತಾಡೋಕೆ ಹೋಗಲ್ಲ. ತ್ರಿವೇಣಿ, ತ.ರಾ.ಸು., ಎನ್. ನರಸಿಂಹಯ್ಯ ಇವರನ್ನೆಲ್ಲ ಹಾಸ್ಟೆಲಿನ ಚಾಪೆಯ ಮೇಲೆ ಬಿದ್ದುಕೊಂಡು ಓದಿದಾಗ ನನ್ನೊಳಗೆ ಏನಾಯಿತು ಅನ್ನೋದನ್ನು ಹೇಳುತ್ತೇನೆ.

ನಮ್ಮಲ್ಲಿ ಎರಡು ತರದ ಮಾತಿದೆ. ಕಾಲೇಜಿನ ಮೇಷ್ಟ್ರುಗಳು 'ಅವೆಲ್ಲ ಹೆಂಗಸರು ಮಧ್ಯಾಹ್ನ ಓದೋ ಪುಸ್ತಕ, ಸಾಹಿತ್ಯವಲ್ಲ' ಅನ್ನುತ್ತಾರೆ. ನಮ್ಮದೇ ಕೆಲವು ಹಿರಿಯ ಗೆಳೆಯರು 'ಅವೆಲ್ಲ ಮೇಲ್ಜಾತಿಯವರ ಗೋಳು, ನಮಗ್ಯಾಕೆ?' ಅನ್ನುತ್ತಾರೆ. ಇಬ್ಬರೂ ಓದಬೇಡ ಅಂತಲೇ ಹೇಳಿದ ಹಾಗಾಯ್ತು. ನಮ್ಮ ತಾತಂದಿರಿಗೂ ಇದನ್ನೇ ಹೇಳಿದ್ದರಲ್ಲವೇ?

ಮೊದಲು ತ್ರಿವೇಣಿಯವರ 'ಶರಪಂಜರ'. 1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು, ಕಲ್ಪನಾ ನಟಿಸಿದರು. ನಿಮ್ಮಲ್ಲಿ ಹಲವರು ಸಿನಿಮಾವನ್ನೇ ನೋಡಿರುತ್ತೀರಿ. ಕಾವೇರಿಗೆ ಬುದ್ಧಿಭ್ರಮಣೆ ಆಗುತ್ತದೆ, ಆಸ್ಪತ್ರೆಗೆ ಹೋಗುತ್ತಾಳೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ 'ಹುಚ್ಚಿ' ಅನ್ನುವ ಹೆಸರು ಅವಳನ್ನು ಬಿಡುವುದಿಲ್ಲ. ಕೊನೆಗೆ ಆ ಅನುಮಾನವೇ ಅವಳನ್ನು ಮತ್ತೆ ಕೆಡವುತ್ತದೆ.

ರಜೆಗೆ ಊರಿಗೆ ಹೋದಾಗ ಈ ಕತೆಯನ್ನು ನಮ್ಮವ್ವನಿಗೆ ಹೇಳಿದೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ರಾಗಿ ಬೀಸ್ತಾ ಕೇಳಿಸಿಕೊಂಡಳು. ಆಮೇಲೆ ಅಂದಳು: 'ಕಾಯಿಲೆ ಹೋದ್ರೂ ಹೆಸರು ಹೋಗಲಿಲ್ವಾ? ನಮಗಂತೂ ಕಾಯಿಲೆ ಬರದೇನೇ ಹೆಸರು ಇಟ್ಟವರೆ ಕಣಪ್ಪ. ಎಷ್ಟು ಮಡಿಯಾಗಿದ್ರೂ ಹೋಟ್ಲಲ್ಲಿ ಲೋಟ ಬೇರೆ.'

ಗೆಳೆಯರೇ, ಇದು ಯಾವ ಎಂ.ಎ. ಪುಸ್ತಕದಲ್ಲೂ ಇಲ್ಲ. ಅನುಮಾನದ ಕಣ್ಣು ಮನುಷ್ಯಳನ್ನು ಹೇಗೆ ಕೊಲ್ಲುತ್ತದೆ ಅನ್ನೋದು ತ್ರಿವೇಣಿಯವರಿಗೆ ಗೊತ್ತಿತ್ತು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಆ ಹೆಣ್ಣುಮಗಳು ಬರೆದದ್ದು ನಮ್ಮವ್ವನ ಎದೆಗೂ ತಾಕಿತು. ಇದನ್ನು ಬೇರೆಯವರ ಗೋಳು ಅಂತ ನಾನು ಹೇಗೆ ಎಸೆಯಲಿ?

ಆದರೆ ಅವ್ವ ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು. 'ಅಷ್ಟು ದೊಡ್ಡ ಮನೇಲಿ ಮುಸುರೆ ತಿಕ್ಕೋರು ಯಾರು? ಅವಳ ಕತೆ ಏನು?' ಆ ಕಾಲದ ಎಷ್ಟೋ ಸಾಮಾಜಿಕ ಕಾದಂಬರಿಗಳಲ್ಲಿ ಕಾಫಿ ತಾನಾಗೇ ಬರುತ್ತದೆ, ಬಟ್ಟೆ ತಾನಾಗೇ ಒಗೆದುಕೊಳ್ಳುತ್ತದೆ, ಅಂಗಳ ತಾನಾಗೇ ಗುಡಿಸಿಕೊಳ್ಳುತ್ತದೆ. ನಾಯಕಿಯ ಕಣ್ಣೀರಿಗೆ ಇನ್ನೂರು ಪುಟ. ಕಸ ಎತ್ತುವವಳಿಗೆ ಹೆಸರೂ ಇಲ್ಲ. ನನ್ನ ಗೆಳೆಯನೊಬ್ಬ ಪರೀಕ್ಷೆಯಲ್ಲಿ ಇದನ್ನೇ ಬರೆದ. 'ಅಪ್ರಸ್ತುತ' ಅಂತ ಕೆಂಪು ಶಾಯಿಯಲ್ಲಿ ಗೀಚಿ ಅಂಕ ಕತ್ತರಿಸಿದರು. ಅವ್ವನ ಬೆವರು ಅಪ್ರಸ್ತುತ, ನೋಡಿ!

ಇನ್ನು ತ.ರಾ.ಸು. ಅವರ 'ನಾಗರಹಾವು'. 1972ರ ಸಿನಿಮಾ ಬಂದಮೇಲೆ ರಾಮಾಚಾರಿ ಮನೆಮಾತಾದ. ಅವನು ದೇವರ ಹಾಗೆ ನಂಬಿದ ಚಾಮಯ್ಯ ಮೇಷ್ಟ್ರೇ ಅಲಮೇಲುವನ್ನು ಮರೆತುಬಿಡು ಅನ್ನುತ್ತಾರೆ. ಆಮೇಲೆ ಕ್ರೈಸ್ತ ಹುಡುಗಿ ಮಾರ್ಗರೆಟ್ ಬಂದಾಗಲೂ ಮೇಷ್ಟ್ರು ಒಪ್ಪುವುದಿಲ್ಲ. ಎಲ್ಲರೂ ಮೇಷ್ಟ್ರಿಗಾಗಿ ಕಣ್ಣೀರು ಹಾಕುತ್ತಾರೆ. ನನಗೆ ಸಿಟ್ಟು ಬಂತು. ಒಳ್ಳೆಯ ಮನುಷ್ಯ, ಪ್ರೀತಿಯ ಗುರು, ಜಾತಿಯ ಗೆರೆ ಬಂದ ಕೂಡಲೇ ಅಲ್ಲೇ ನಿಂತುಬಿಟ್ಟ. ಕೆಟ್ಟವರಿಂದ ಮಾತ್ರ ಜಾತಿ ಉಳಿದಿದ್ದರೆ ಎಂದೋ ಸತ್ತಿರುತ್ತಿತ್ತು. ಅದು ಒಳ್ಳೆಯವರ ಒಳ್ಳೆಯತನದೊಳಗೂ ಮನೆ ಮಾಡಿಕೊಂಡಿದೆ. ಗೆರೆ ದಾಟಿ ಪ್ರೀತಿಸಿದವರನ್ನು ಕೊಂದ ಸುದ್ದಿ ಇವತ್ತಿಗೂ ಪೇಪರಿನಲ್ಲಿ ಬರುತ್ತಲೇ ಇದೆ.

ಅದೇ ಸಿನಿಮಾದಲ್ಲಿ ಓಬವ್ವ ಬರುತ್ತಾಳೆ. ಹೈದರನ ಸೈನಿಕರು ಕಿಂಡಿಯೊಳಗೆ ತೂರಿ ಬರುವಾಗ, ಗಂಡ ಉಣ್ಣುತ್ತಿದ್ದಾನೆ ಅಂತ ತಾನೇ ಒನಕೆ ಹಿಡಿದು ನಿಂತವಳು. ಥಿಯೇಟರಿನಲ್ಲಿ ಶಿಳ್ಳೆ, ಚಪ್ಪಾಳೆ. ಆದರೆ ಆ ಹೆಣ್ಣುಮಗಳು ಯಾರ ಪೈಕಿ ಅಂತ ಎಷ್ಟು ಜನಕ್ಕೆ ಗೊತ್ತಿತ್ತು? ಓಬವ್ವ ಛಲವಾದಿಗಳ ಮಗಳು ಅಂತ ನಮ್ಮ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. 2021ರಲ್ಲಿ ಸರ್ಕಾರ ನವೆಂಬರ್ 11ನ್ನು ಓಬವ್ವನ ಜಯಂತಿ ಅಂತ ಘೋಷಿಸಿತು. ಒನಕೆಗೆ ಚಪ್ಪಾಳೆ ಹೊಡೆದವರು ಒನಕೆ ಹಿಡಿದ ಕೈಯನ್ನು ಮನೆಯ ಅಡುಗೆಕೋಣೆಗೆ ಬಿಟ್ಟುಕೊಳ್ಳುತ್ತಾರೋ ಇಲ್ಲವೋ, ಅದನ್ನು ಅವರನ್ನೇ ಕೇಳಬೇಕು.

ಪತ್ತೇದಾರಿ ಕಾದಂಬರಿ ಅಂದರೆ ಹಾಸ್ಟೆಲಿನಲ್ಲಿ ಎಲ್ಲಿಲ್ಲದ ಪ್ರೀತಿ. ನರಸಿಂಹಯ್ಯನವರು ಹೆಚ್ಚು ಶಾಲೆ ಕಲಿತವರಲ್ಲ. ಆದರೂ ನೂರಾರು ಕಾದಂಬರಿ ಬರೆದರು, ಲಕ್ಷಾಂತರ ಜನಕ್ಕೆ ಕನ್ನಡ ಓದುವ ಚಟ ಹತ್ತಿಸಿದರು. ನನಗೂ ಓದಿನ ವೇಗ ಬಂದದ್ದು ಅವರ ಪುರುಷೋತ್ತಮನ ಹಿಂದೆ ಓಡಿಯೇ. ಪುರುಷೋತ್ತಮ ಸುಳಿವು ಹುಡುಕುತ್ತಾನೆ, ಸಾಕ್ಷಿ ಕೂಡಿಸುತ್ತಾನೆ, ಆಮೇಲೆ ಕಳ್ಳನನ್ನು ಹಿಡಿಯುತ್ತಾನೆ. ನಮ್ಮೂರ ಕಡೆ ಹಾಗಲ್ಲ. ಗೌಡರ ತೋಟದಲ್ಲಿ ತೆಂಗಿನಕಾಯಿ ಹೋದರೆ ಜೀಪು ಸೀದಾ ಕೇರಿಗೇ ಬರುತ್ತದೆ. ಸುಳಿವೂ ಬೇಡ, ಸಾಕ್ಷಿಯೂ ಬೇಡ. 1871ರಲ್ಲಿ ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳು ಅಂತ ಕೆಲವು ಬುಡಕಟ್ಟುಗಳನ್ನು ಕಾನೂನು ಮಾಡಿ ಪಟ್ಟಿಗೆ ಹಾಕಿದರು. ಆ ಕಾನೂನು 1952ರಲ್ಲಿ ರದ್ದಾಯಿತು. ಬುದ್ಧಿ ಮಾತ್ರ ರದ್ದಾಗಿಲ್ಲ.

ಈ ಸಿಟ್ಟು ಇಟ್ಟುಕೊಂಡು ದೇವನೂರ ಮಹಾದೇವ ಅವರ 'ಒಡಲಾಳ' ತೆಗೆದರೆ ಅಲ್ಲಿ ಸಾಕವ್ವ ಇದ್ದಾಳೆ, ಅವಳ ಕಳೆದುಹೋದ ಹುಂಜ ಇದೆ. ಇಡೀ ಮನೆ ರಾತ್ರಿ ಕೂತು ತಿನ್ನುವ ಕದ್ದ ಕಡಲೆಕಾಯಿ ಇದೆ, ಅದನ್ನು ಹುಡುಕಿಕೊಂಡು ಬರುವ ಪೊಲೀಸರಿದ್ದಾರೆ. ಇಲ್ಲಿ ಪತ್ತೆಯಾಗುವುದು ಕಳ್ಳನಲ್ಲ, ಹಸಿವು. ಕಾರಂತರ 'ಚೋಮನ ದುಡಿ' 1933ರಷ್ಟು ಹಿಂದೆಯೇ ಬಂತು. ಉಳೋಕೆ ಒಂದು ತುಂಡು ನೆಲ ಬೇಕು ಅಂತ ಒಬ್ಬ ಹೊಲೆಯ ಆಸೆಪಟ್ಟ ಕತೆ. ಮರುಗುವ ಕಣ್ಣು ಅದರಲ್ಲಿದೆ, ಅದಕ್ಕೆ ನಮಸ್ಕಾರ. ಆದರೆ ಚೋಮ ದುಡಿ ಬಾರಿಸುತ್ತಾ ಸಾಯುತ್ತಾನೆ, ಸಾಕವ್ವ ಬಾಯಿ ತೆಗೆದು ಬೈಯುತ್ತಾಳೆ. ಕೇರಿಯೊಳಗಿನವನು ಬರೆದಾಗ ಈ ವ್ಯತ್ಯಾಸ ಬಂತು.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಗಲಾಟೆ ಎದ್ದಿತು, ನಮ್ಮ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ಒಬ್ಬ ಓದುಗ ತನಗನ್ನಿಸಿದ್ದನ್ನು ಹೇಳಿದ್ದಕ್ಕೆ ಇಷ್ಟು ಬೆಲೆ! ಅಪ್ರಸ್ತುತ ಅಂತ ಗೀಚಿದ ಕೆಂಪು ಶಾಯಿಯೂ ಅದೇ ಜಾತಿಯದು. ಅಭಿಪ್ರಾಯ ಅನ್ನೋದು ಕೆಲವರ ಪಿತ್ರಾರ್ಜಿತ ಆಸ್ತಿ ಅಂತ ಅವರು ತಿಳಿದಿದ್ದಾರೆ.

ಅದಕ್ಕೇ ಹೇಳುತ್ತೇನೆ, ಓದಿ. ಸಿಕ್ಕಿದ್ದೆಲ್ಲ ಓದಿ. ನಮ್ಮ ಅವ್ವಂದಿರು ಕಣದಲ್ಲಿ ಮೊರ ಹಿಡಿದು ತೂರುತ್ತಾರಲ್ಲ, ಹಾಗೆ ತೂರಿ. ಕಾಳು ಇದ್ದರೆ ಉಳಿಯುತ್ತದೆ, ಹೊಟ್ಟು ತಾನೇ ಹಾರುತ್ತದೆ. ಓದುವಾಗ ಕೇಳಿ: ಈ ಮನೆಯ ಕೆಲಸ ಯಾರು ಮಾಡಿದರು? ಈ ಜಮೀನು ಯಾರದು, ಉಳುವವರು ಯಾರು? ಈ ಕತೆಯೊಳಗೆ ನಾನು ನಡೆದು ಹೋದರೆ ನನ್ನನ್ನು ಎಲ್ಲಿ ಕೂರಿಸುತ್ತಾರೆ, ಜಗಲಿಯ ಮೇಲೋ, ಬೀದಿಯಲ್ಲೋ?

ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಎರಡು ಪುಟ ಬರೆಯಿರಿ. ತಪ್ಪು ಕಾಗುಣಿತ ಇದ್ದರೂ ಪರವಾಗಿಲ್ಲ, ಈ ಪತ್ರಿಕೆಗೆ ಕೊಡಿ. ನಿಮ್ಮ ಅವ್ವನಿಗೆ, ಅಕ್ಕನಿಗೆ ಕತೆ ಓದಿ ಹೇಳಿ, ಅವರೇನಂದರು ಅನ್ನೋದನ್ನೂ ಬರೆಯಿರಿ. ನಮ್ಮ ಕೇರಿಯಲ್ಲಿ ಇನ್ನೂ ಅಚ್ಚಾಗದ ವಿಮರ್ಶಕರು ಮನೆಗೊಬ್ಬರು ಇದ್ದಾರೆ.

ಜೈ ಭೀಮ್.