ದನಿಯ ಋಣ

ತಾನು ಹಾಡದೆ, ವಾದ್ಯವನ್ನು ನುಡಿಸದೆ, ಹೊತ್ತರಿತು ಆಯ್ದ ಗೀತದಿಂದಲೇ ನೆರೆದವರನ್ನು ಕುಣಿಸುವ ಇಂದಿನ ಡಿಜೆಗೆ, ನಮ್ಮ ರಾಯಚೂರು ಸೀಮೆಯ ಯಾಪಲದಿನ್ನಿಯಂತಹ ಗ್ರಾಮಗಳ ಮದುವೆ-ಜಾತ್ರೆಗಳಲ್ಲಿ ಬೇವಿನ ಕೊಂಬೆಗೆ ಧ್ವನಿವರ್ಧಕವನ್ನು ಬಿಗಿದು, ಸೂಜಿ ಬದಲಿಸಿ, ಧೂಳೊರಸಿ ಗ್ರಾಮಫೋನ್ ತಟ್ಟೆಯನ್ನಿಡುತ್ತಿದ್ದ ಮೈಕಿನವನೇ ಪೂರ್ವಜನು. ಅಂಥವರ ಸ್ಮರಣೆಯೆಂದರೆ ಅವರು ಕೇಳಿಸಿದ ನಾದದ ಸಂರಕ್ಷಣೆಯೇ ಅಲ್ಲವೆ?

1902ರಲ್ಲಿ ಕಲಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಕುಳಿತು, ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಸಾರಿದ ಗಾಯಕಿ ಗೋಹರ್ ಜಾನ್ 1930ರಲ್ಲಿ ಮೈಸೂರಿನಲ್ಲಿ ಕಾಲವಶಳಾದಳು. ಮೂರು ನಿಮಿಷಗಳ ಅರಗಿನ ತಟ್ಟೆಗಳನ್ನು ಯಾರೋ ಜೋಪಾನ ಮಾಡಿದುದರಿಂದಲೇ ಆ ಕಂಠವು ಇಂದಿಗೂ ಶ್ರಾವ್ಯವಾಗಿದೆ. ನಮ್ಮ ಸೀಮೆಯ ವಚನಗಾಯಕ ಸಿದ್ಧರಾಮ ಜಂಬಲದಿನ್ನಿಯವರ ನಾಮಧೇಯವನ್ನು ರಾಯಚೂರಿನ ರಂಗಮಂದಿರವು ಧರಿಸಿರುವುದು ಯುಕ್ತವೇ. ಆದರೆ ಗಾಯಕನ ನಿಜವಾದ ಸ್ಮಾರಕವು ಅವನ ದನಿಯೇ ಹೊರತು ಕಲ್ಲುಗೋಡೆಯಲ್ಲ.

ಧ್ವನಿಸುರುಳಿಯಾದರೋ ಅಲ್ಪಾಯು. ತೇವಕ್ಕೆ ಅದರ ಲೇಪನವು ಅಂಟಂಟಾಗುತ್ತದೆ, ಬೂಷ್ಟು ಹಿಡಿಯುತ್ತದೆ. ರಾಯಚೂರಿನ ಬಿಸಿಲಿಗೆ ಕ್ಯಾಸೆಟ್ಟಿನ ಹೊದಿಕೆಯೇ ಸೊಟ್ಟಗಾಗುತ್ತದೆ. ಆದುದರಿಂದ ಅಟ್ಟದಲ್ಲಿರುವುದನ್ನು ಇಳಿಸಿ, ಬಲ್ಲವರಿಂದ ಡಿಜಿಟಲ್ ಪ್ರತಿ ಮಾಡಿಸಿ, ಎರಡೆಡೆಗಳಲ್ಲಿರಿಸಿ, ಹಾಡಿದವರಾರು, ಎಂದು, ಎಲ್ಲಿ ಎಂಬುದನ್ನು ಬರೆದಿಡತಕ್ಕದ್ದು. ಹೆಸರಿಲ್ಲದ ದನಿ ಉಳಿದರೂ ಅನಾಥವೇ. ಕೇಳಿ ಸುಖಿಸಿದವರು ಕೇಳಲಿರುವವರಿಗೆ ತೀರಿಸಬೇಕಾದ ಋಣವಿದು.