ಕಡತದಿಂದ ಮೊಬೈಲಿನವರೆಗೆ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ನೆನಪಿಗೆ ಸಂಘದ ಲಾಭದಲ್ಲಿ ಒಂದು ಪಾಲನ್ನು ನಮ್ಮೂರ ಶಾಲೆಗೆ ಕೊಡುವುದೆಂದು ತೀರ್ಮಾನವಾಗಿದೆ. ಏನು ಕೊಡುವುದು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸ್ಮಾರ್ಟ್ ಬೋರ್ಡು ಬೇಕು ಅಂತಾರೆ ಹುಡುಗರು. ಮೊದಲು ಸೋರುವ ಮಾಳಿಗೆ ಸರಿಯಾಗಲಿ ಅಂತಾರೆ ಹಿರಿಯರು. ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದವನಾದ್ದರಿಂದ ಪಾಠೋಪಕರಣಗಳ ಬಗ್ಗೆ ನಾಲ್ಕು ಮಾತು ಹೇಳಲು ನನಗೆ ಅಪ್ಪಣೆಯಾಗಿದೆ.

ಸಂಘದ ಸಭೆಯಾದ್ದರಿಂದ ಲೆಕ್ಕದ ಪುಸ್ತಕದಿಂದಲೇ ಶುರುಮಾಡುತ್ತೇನೆ. ಕಚೇರಿಯ ಫೈಲಿಗೆ ನಾವು ಕಡತ ಅಂತೀವಿ. ಹಿಂದೆ ಕಡತ ಎಂದರೆ ಬಟ್ಟೆ! ಉದ್ದನೆಯ ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಮಗ್ಗುಲಿಗೆ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಚುತ್ತಿದ್ದರು. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಇದನ್ನು ವಿವರಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಕಾರರಿಗೆ ಆಧಾರ. ಅಂದಮೇಲೆ ಕಪ್ಪಿನ ಮೇಲೆ ಬಿಳಿಯಾಗಿ ಬರೆಯುವುದನ್ನು ನಮಗೆ ಇಂಗ್ಲಿಷರು ಬಂದು ಕಲಿಸಬೇಕಿರಲಿಲ್ಲ.

ನಮ್ಮ ಮಕ್ಕಳು ಮರಳ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದುದೂ ಹಾಗೆಯೇ. ಮದರಾಸಿನಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿ ಅದನ್ನು ಕಂಡು, ತನ್ನ ಅನಾಥ ಮಕ್ಕಳ ಶಾಲೆಯಲ್ಲಿ ಮಾಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚುಹಾಕಿಸಿದ. ಇಂಗ್ಲೆಂಡಿನ ಬಡಮಕ್ಕಳೂ ಮರಳ ಮೇಲೆ ಬರೆದರು.

ಆಮೇಲೆ ಸ್ಲೇಟು, ಕಪ್ಪು ಹಲಗೆ ಬಂದವು. ನಾವು ಚಿಕ್ಕವರಿದ್ದಾಗ ಶನಿವಾರ ಬಂತೆಂದರೆ ಇದ್ದಿಲು ಅರೆದು, ತೊಂಡೆಸೊಪ್ಪಿನ ರಸ ಹಿಂಡಿ ಹಲಗೆಗೆ ಬಳಿಯುವ ಸಂಭ್ರಮ. ಅಂಗಿ ಕಪ್ಪಾಗಿ ಅವ್ವನ ಕೈಲಿ ಬೈಸಿಕೊಳ್ಳುವುದೂ ಅದರಲ್ಲೇ ಸೇರಿತ್ತು. ಆದರೆ ಹಲಗೆ ಮೇಷ್ಟ್ರದು, ಸ್ಲೇಟು ನಮ್ಮದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಗೋಡೆಯ ಕೆಳಭಾಗಕ್ಕೇ ಕಪ್ಪು ಬಳಿದರು, ಮಗುವಿನ ಕೈಗೆ ಎಟಕುವಂತೆ. ಸರ್ಕಾರಿ ಯೋಜನೆಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಇದು.

ಯಂತ್ರಗಳ ಕತೆ ಬೇರೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ಮೂಲಕ ದೇಶದ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಬಂತು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ. ವರ್ಷ ತುಂಬಿತು, ಎರವಲು ತಂದ ಉಪಗ್ರಹ ಹೋಯಿತು. ನಮ್ಮ ಶಾಲೆಗೆ ಬಂದ ಕಂಪ್ಯೂಟರುಗಳದೂ ಇದೇ ಪಾಡು. ಎರಡೇ ವರ್ಷಕ್ಕೆ ಬ್ಯಾಟರಿ ಸತ್ತಿತು, ಹೊಸದಕ್ಕೆ ದುಡ್ಡು ಯಾರು ಕೊಡಬೇಕೆಂದು ಬಗೆಹರಿಯಲಿಲ್ಲ. ಗೋಣಿಚೀಲ ಹೊದಿಸಿಟ್ಟೆವು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು, ನಾನೂ ಓಡಾಡಲಿಲ್ಲ. ಒಪ್ಪಿಕೊಳ್ಳುತ್ತೇನೆ.

2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದು ನಿಮಗೆಲ್ಲ ಗೊತ್ತು. ಮೊಬೈಲಿನಲ್ಲಿ ಪಾಠವೆಂದರು. ಮನೆಗೊಂದು ಮೊಬೈಲು, ಅದೂ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಜುಲೈನಿಂದ ಚಂದನದಲ್ಲಿ ಹೈಸ್ಕೂಲು ಪಾಠ ಬಂತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಲೆಕ್ಕದ ಪುಸ್ತಕ ಹಿಡಿದು ನನ್ನ ಮನೆಗೆ ಬಂದಳು. "ಟಿ.ವಿ.ಲಿ ಚೆನ್ನಾಗೇ ಹೇಳ್ತಾರೆ ಮೇಷ್ಟ್ರೇ. ಇನ್ನೊಂದ್ಸಲ ಹೇಳಿ ಅನ್ನೋಕೆ ಅಲ್ಲಿ ಯಾರಿದ್ದಾರೆ?" ಎಂದಳು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂದು, ಗುಡಿಯ ಜಗಲಿಯಲ್ಲಿ, ಅರಳಿಕಟ್ಟೆಯಲ್ಲಿ ಪಾಠ ನಡೆಯಿತು. ಅಕ್ಟೋಬರಿನಲ್ಲಿ ಅದೂ ನಿಂತಿತು. ಆ ಹುಡುಗಿ ಓದು ಮುಂದುವರಿಸಿದಳು. ಅವಳ ಓಣಿಯ ಇಬ್ಬರು ಹುಡುಗರು ಮತ್ತೆ ಶಾಲೆ ಮೆಟ್ಟಿಲು ಹತ್ತಲಿಲ್ಲ. ಇಬ್ಬರೂ ಈಗ ಗಾರೆ ಕೆಲಸಕ್ಕೆ ಹೋಗುತ್ತಾರೆ.

ಸ್ಮಾರ್ಟ್ ಬೋರ್ಡು ಬೇಡ ಎನ್ನುವವನಲ್ಲ ನಾನು. ಆದರೆ ಮಾಳಿಗೆ ಮೊದಲು. ಸೋರುವ ಗೋಡೆಗೆ ಅದನ್ನು ತೂಗುಹಾಕುವುದು ಹೇಗೆ? ಎರಡನೆಯದು, ಬೋರ್ಡಿನ ಜೊತೆಗೆ ನಮ್ಮ ಸಂಘದಲ್ಲೇ ಒಂದು ಠೇವಣಿ ಇಡಿ. ಅದರ ಬಡ್ಡಿಯಲ್ಲಿ ಬ್ಯಾಟರಿ, ರಿಪೇರಿ ಆಗಲಿ. ಮೂರನೆಯದು, ಸಂಘದ ಈ ಸಭಾಂಗಣವನ್ನು ಸಂಜೆ ಆರರಿಂದ ಎಂಟರವರೆಗೆ ಮಕ್ಕಳಿಗೆ ಬಿಟ್ಟುಕೊಡಿ. ಕೇಳಿದ್ದಕ್ಕೆ ಉತ್ತರ ಹೇಳಲು ನಾನು ಬಂದು ಕೂರುತ್ತೇನೆ, ಕಾಲುನೋವಿದ್ದರೂ ಸರಿಯೇ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನು ಚರ್ಚೆಗೆ ತರಬೇಕೆಂದು ಕೋರುತ್ತೇನೆ.